ವೀರಮ್ಮ ಎರೆದ ನೀರು

ಶಾಗ್ಯದ ಅಂಗನವಾಡಿಯಲ್ಲಿ ಗುರುವಾರ ಮಧ್ಯಾಹ್ನ, ಮಕ್ಕಳು ಉಂಡು ಮನೆಗೆ ಹೋದ ಮೇಲೆ, ಬಸುರಿಯರಿಗೆ ಪಾಠ. ಹೇಳುವವಳು ಗುಲಾಬಿ ಸಮವಸ್ತ್ರದ ಸೀರೆಯುಟ್ಟ ಆಶಾ ಕಾರ್ಯಕರ್ತೆ ವೀರಮ್ಮ. ವಯಸ್ಸು ಐವತ್ತೊಂಬತ್ತು, ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿ. ಹಳೇ ಸೀರೆಯಲ್ಲಿ ತಾನೇ ಹೊಲಿದ ಗೊಂಬೆಯೊಂದನ್ನು ಇಟ್ಟುಕೊಂಡಿದ್ದಾಳೆ. ಅದರ ಹೊಟ್ಟೆಯೊಳಗೆ ಎರಡೂವರೆ ಕೆಜಿ ರಾಗಿ. ಹತ್ತಿ ತುಂಬಿದರೆ ಕೂಸಿನ ಭಾರ ಕೈಗೆ ತಿಳಿಯುವುದಿಲ್ಲ ಎಂದು ಅವಳ ವಾದ.

"ಕತ್ತು ಇಡ್ಕೊಳವ್ವ, ಕತ್ತು! ಕುಂಬ್ಳಕಾಯಿ ಎತ್ತದಂಗೆ ಎತ್ತಬ್ಯಾಡ" ಎಂದು ಎಂಟು ತಿಂಗಳ ಬಸುರಿ ಕವಿತಳನ್ನು ಗದರಿದಳು. "ಕೂಸು ಉಟ್ತಿದ್ದಂಗೆ ಒರ್ಸಿ, ಅವ್ವನ ಎದೆ ಮ್ಯಾಲೆ ಮಲಗ್ಸಬೇಕು. ಒಂದು ಗಂಟೆ ಒಳ್ಗೆ ಆಲು ಕುಡೀಬೇಕು. ಬಚ್ಚಲಿಗೆ ಎತ್ಕಂಡು ಓಗಬ್ಯಾಡಿ. ಸಣ್ಣ ಕೂಸಾದ್ರಂತೂ ಡಾಕ್ಟ್ರು ಏಳಗಂಟ ನೀರೇ ತೋರ್ಸ್ಬ್ಯಾಡಿ."

ಹೊಸ್ತಿಲ ಮೇಲೆ ಕವಿತಳ ಅತ್ತೆ ಚಾಮುಂಡಮ್ಮ ಎಲೆಅಡಿಕೆ ಮೆಲ್ಲುತ್ತ ಕೂತಿದ್ದಳು. ಕವಿತಳಿಗೆ ತಾಯಿಯಿಲ್ಲ, ಬಾಣಂತನ ಅತ್ತೆಯದೇ.

"ಅಲ್ಲ ಕಣಕ್ಕ, ಊರೋರ್ ಕೂಸ್ಗೆಲ್ಲ ಅಂಡೆಗಟ್ಲೆ ನೀರು ಉಯ್ದೋಳು ನೀನು. ನಮ್ಗೆಲ್ಲ ಕಲ್ಸ್ದೋಳೂ ನೀನೇಯ. ಗುಲಾಬಿ ಸೀರೆ ಉಟ್ಕಂಡೇಟ್ಗೆ ನೀರೇ ಬ್ಯಾಡ್ವಾ?"

ಬಸುರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ನನಗೆ ತಿಳಿದಿರಲಿಲ್ಲ ಎಂದು ವೀರಮ್ಮ ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ನಿನ್ ಬಾಯಿಗೂ ಒಸಿ ಉಯ್ಬೇಕಾಗಿತ್ತು ಕಣಮ್ಮಿ" ಎಂದು ತಾನೂ ನಕ್ಕಂತೆ ಮಾಡಿದಳು.

ಆ ಕಾಲದಲ್ಲಿ ಮಗುವಿಗೆ ಎರೆಯುವುದೆಂದರೆ ಒಂದು ಹೊತ್ತಿನ ಕೆಲಸ. ಬಿಸಿಲು ಅಂಗಳಕ್ಕಿಳಿಯುವ ವೇಳೆಗೆ ಬಾಣಂತಿ ಮನೆಯ ಬಚ್ಚಲೊಲೆಗೆ ಹುಣಸೆ ಸೌದೆ ಬಿದ್ದಿರುತ್ತಿತ್ತು. ವೀರಮ್ಮ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕೂತು ಕಾಲು ಚಾಚಿದರೆ ಆ ಎರಡು ಕಾಲೇ ಕೂಸಿನ ತೊಟ್ಟಿಲು. ನೆತ್ತಿಗೆ ಅಂಗೈ ತುಂಬ ಹರಳೆಣ್ಣೆ. ತೋಳು, ತೊಡೆ, ಬೆನ್ನು ನೀವಿ, ಮೂಗು ಎಳೆದು, ತಲೆ ದುಂಡಗೆ ತಟ್ಟಿ, ಮೂಗಿನ ಹೊಳ್ಳೆಗೆ ಬಾಯಿಟ್ಟು ಊದಿ, ಆಮೇಲೆ ಚೊಂಬು ಚೊಂಬು ಬಿಸಿನೀರು. ಕೂಸು ಕಿರುಚಿದಷ್ಟೂ ನೆರೆದ ಹೆಂಗಸರಿಗೆ ಖುಷಿ. "ಗಂಟ್ಲು ನೋಡ್ರವ್ವ, ಥೇಟ್ ಅವ್ರಜ್ಜಂದೇ!" ಸಾಂಬ್ರಾಣಿ ಹೊಗೆ ಹಿಡಿದು, ಹಳೇ ಪಂಚೆಯಲ್ಲಿ ಸುತ್ತಿ ಮಲಗಿಸಿದರೆ ಮಧ್ಯಾಹ್ನದವರೆಗೆ ಮಿಸುಕುತ್ತಿರಲಿಲ್ಲ. ಬಾಣಂತಿಗೂ ಅಷ್ಟು ನಿದ್ದೆ ಲಾಭ.

ಆ ಹೊತ್ತಿನಲ್ಲಿ ಗಂಡಸರು ಅತ್ತ ಸುಳಿಯುವಂತಿರಲಿಲ್ಲ. ಅತ್ತೆಯ ಕಾಟ, ಗಂಡನ ಕುಡಿತ, ಬಂದ ಮುಟ್ಟು, ಬಾರದ ಮುಟ್ಟು, ಎಲ್ಲ ಮಾತೂ ಆ ಬಚ್ಚಲ ಹೊಗೆಯಲ್ಲೇ ಆಗುತ್ತಿತ್ತು. ಹೆಂಗಸರೇ ಹೆಂಗಸರಿಗೆ ಆಸ್ಪತ್ರೆ, ಹೆಂಗಸರೇ ಪಂಚಾಯ್ತಿ. ಅದನ್ನೆಲ್ಲ ಈಗ ಮೂಢನಂಬಿಕೆ ಎಂದು ಮೈಕಿನಲ್ಲಿ ಕೂಗುವವರು ಆಗ ಈ ಕಡೆ ತಲೆಹಾಕಿ ಮಲಗಿದವರೂ ಅಲ್ಲ. ಇವತ್ತಿಗೂ ಎಲ್ಲಾದರೂ ಹರಳೆಣ್ಣೆ ಬೆಚ್ಚಗಾದ ವಾಸನೆ ಬಂದರೆ ವೀರಮ್ಮನ ಕಾಲು ತಾನಾಗಿ ಚಾಚಿಕೊಳ್ಳುತ್ತದೆ.

ಆ ವಾಸನೆಯೊಳಗೇ ಒಂದು ಹೆಣ್ಣುಕೂಸೂ ಇದೆ. ಇಪ್ಪತ್ತೇಳು ವರ್ಷದ ಹಿಂದೆ, ಕಾರ್ತಿಕದ ಚಳಿಯಲ್ಲಿ, ಚಾಮುಂಡಮ್ಮ ದಿನ ತುಂಬುವ ಮೊದಲೇ ಹೆತ್ತ ಚೊಚ್ಚಲು. ಅದಕ್ಕೆ ಅಳಲೂ ಕಸುವಿರಲಿಲ್ಲ. ಒಂದು ನೀರು ಬಿದ್ದರೆ ಚೇತರಿಸಿಕೊಳ್ಳುತ್ತದೆ ಎಂದು ವೀರಮ್ಮ ಎಲ್ಲ ಕೂಸಿಗೂ ಎರೆದಂತೆ ಅದಕ್ಕೂ ಎರೆದಳು. ಒದ್ದೆ ಮೈಗೆ ಬೆಟ್ಟದ ಕಡೆಯ ಗಾಳಿ. ಸಂಜೆಗೆ ಕೂಸು ಹೋಯಿತು. ಊರು ದೃಷ್ಟಿ ಎಂದಿತು. ಚಾಮುಂಡಮ್ಮನ ಅತ್ತೆ, ಸೊಸೆಯ ಹಾಲು ವಿಷ ಎಂದಳು.

ಹನ್ನೊಂದು ವರ್ಷ ಕಳೆದು, ಕೊಳ್ಳೇಗಾಲದಲ್ಲಿ ಆಶಾ ತರಬೇತಿಗೆ ಕೂತಾಗ, ತೂಕ ಕಡಿಮೆಯಿರುವ ಕೂಸಿಗೆ ಮೈಯ ಬಿಸಿ ಹಿಡಿದಿಟ್ಟುಕೊಳ್ಳಲಾಗುವುದಿಲ್ಲ, ನೀರು ಹಾಕಿದರೆ ತಣ್ಣಗಾಗಿ ಸಾಯಬಹುದು ಎಂದು ನರ್ಸಮ್ಮ ಹೇಳಿದಳು. ಬರೆದುಕೊಳ್ಳುತ್ತಿದ್ದ ವೀರಮ್ಮನ ಪೆನ್ನು ನಿಂತಿತು. ಅಲ್ಲಿಂದಾಚೆಗೆ ಊರಿನ ಯಾವ ಕೂಸಿಗೂ ಅವಳು ಎರೆಯಲಿಲ್ಲ. ಯಾಕೆಂದು ಚಾಮುಂಡಮ್ಮನಿಗೆ ಮಾತ್ರ ಹೇಳಲಿಲ್ಲ. ದೊಡ್ಡ ಕಾರಣವೇನಿಲ್ಲ, ಹೆದರಿಕೆ. ಮುಖಕ್ಕೆ ಉಗಿದಾಳು, ಊರು ಬಾಗಿಲು ಮುಚ್ಚೀತು ಎಂಬ ಹೆದರಿಕೆ.

ಪಾಠ ನಡೆದು ಎರಡು ವಾರಕ್ಕೇ ಕವಿತಳಿಗೆ ನೋವು ಬಂತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಗಂಡು ಹುಟ್ಟಿತು. ಒಂದು ಕೆಜಿ ಒಂಬೈನೂರು ಗ್ರಾಂ. ಹತ್ತು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಎರಡೂವರೆ ಕೆಜಿ ಆಗುವ ತನಕ ಒರೆಸುವುದಷ್ಟೇ, ಎದೆಗೆ ಕಟ್ಟಿಕೊಂಡಿರಿ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು.

ಮಾರನೆಯ ಬೆಳಿಗ್ಗೆ ತಕ್ಕಡಿಯ ಚೀಲ ಹಿಡಿದು ಹೊರಟ ವೀರಮ್ಮನಿಗೆ ಬೀದಿಯ ತಿರುವಿನಲ್ಲೇ ಚಾಮುಂಡಮ್ಮನ ಬಚ್ಚಲ ಹೊಗೆ ಕಂಡಿತು. ಮೊಣಕಾಲು ನೋವು ಮರೆತು ಬಿರಬಿರನೆ ನಡೆದಳು. ಒಳಗೆ ಹಂಡೆಯ ನೀರು ಮರಳುತ್ತಿತ್ತು. ಚಾಮುಂಡಮ್ಮ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಸೀರೆ ಸಿಕ್ಕಿಸಿದ್ದೂ ವೀರಮ್ಮನಂತೆಯೇ, ಎಣ್ಣೆ ಬಟ್ಟಲು ಇಟ್ಟದ್ದೂ ವೀರಮ್ಮನಂತೆ ಎಡಗಡೆಗೇ. ಕೂಸನ್ನು ಅವಚಿಕೊಂಡು ಕವಿತ ಬಾಗಿಲಲ್ಲಿ ಅಳುತ್ತ ನಿಂತಿದ್ದಳು.

"ಕೊಡು ಅಂದ್ರೆ ಕೊಡಮ್ಮಿ. ಅನ್ನೊಂದ್ನೇ ದಿನ, ಪುರುಡು ಕಳೀಬ್ಯಾಡ್ವಾ? ನೀರು ಬೀಳ್ದೆ ದೇವ್ರ ಮುಂದ್ಕೆ ಎಂಗೆ ಎತ್ಕಂಡೋಗದು?" ಎನ್ನುತ್ತಿದ್ದಳು ಅತ್ತೆ.

"ಪುರುಡಿನ ನೀರ ನಿನ್ ತಲೆಗುಯ್ಕೊ, ಕೂಸ್ಗೆ ಬ್ಯಾಡ" ಎಂದಳು ವೀರಮ್ಮ, ಏದುಸಿರು ಬಿಡುತ್ತ.

"ನೀ ಆಚೆಗಿರಕ್ಕ. ನೂರಾರು ಕೂಸ್ಗೆ ನೀ ಉಯ್ದಿಲ್ವಾ? ಎಲ್ಲ ಬದುಕಿಲ್ವಾ?"

"ಎಲ್ಲ ಬದುಕ್ನಿಲ್ಲ."

ಚಾಮುಂಡಮ್ಮ ತಲೆಯೆತ್ತಿದಳು.

"ನಿಂದು ಬದುಕ್ನಿಲ್ಲ. ನಿನ್ ಆಲೂ ಅಲ್ಲ, ದೃಷ್ಟೀನೂ ಅಲ್ಲ ಕಣೆ ಚಾಮುಂಡಿ. ನಾ ಉಯ್ದ ನೀರು. ಅದೂ ಇಷ್ಟೇ ಸಣ್ಣದಾಗಿತ್ತು, ತಣ್ಣಗಾಗೋಯ್ತು. ಆಗ ನಂಗೆ ತಿಳೀನಿಲ್ಲ. ತಿಳ್ದ ಮ್ಯಾಲೆ ಅದ್ನಾರು ವರ್ಷ ಬಾಯಿ ಮುಚ್ಕಂಡಿದ್ದೆ."

ಚಾಮುಂಡಮ್ಮ ಎದ್ದಳು. ಹೊಡೆಯುತ್ತಾಳೆ ಎಂದುಕೊಂಡೇ ವೀರಮ್ಮ ನಿಂತಳು. ಹೊಡೆಯಲಿಲ್ಲ. ಒಲೆಯ ಕೊಳ್ಳಿಯನ್ನು ಹೊರಗೆಳೆದು ಅದರ ಮೇಲೆ ಒಂದು ಚೊಂಬು ನೀರು ಸುರಿದಳು. ಬಚ್ಚಲು ತುಂಬ ಬೂದಿ ಎದ್ದಿತು.

"ನಮ್ಮತ್ತೆ ಸಾಯಗಂಟ ನನ್ನ ಇಸದ ಮೊಲೆಯೋಳು ಅನ್ನದು" ಎಂದಳು, ಒಲೆಯ ಕಡೆಗೇ ಮುಖ ಮಾಡಿ. "ಇವಳ ಗಂಡ ಉಟ್ದಾಗ, ಎದೆ ತುಂಬಿ ಸೋರ್ತಿದ್ರೂ ಎದ್ರಕಂಡು ಮೇಕೆ ಆಲು ಕುಡ್ಸ್ದೆ. ಗೊತ್ತಾ ನಿಂಗೆ?"

"ಗೊತ್ತಿರ್ನಿಲ್ಲ."

"ಅವಳು ಸತ್ತು ಆರು ವರ್ಸ ಆಯ್ತು. ಬದುಕಿದ್ದಾಗ ಬಂದು ಏಳ್ಬೇಕಿತ್ತು ನೀನು. ಅವಳ ಕಿವೀಗೆ ಬೀಳ್ಬೇಕಿತ್ತು."

"ಊ ಕಣೆ. ಏಳ್ಬೇಕಿತ್ತು."

ವೀರಮ್ಮ ಚೀಲ ಬಿಚ್ಚಿ, ಕೂಸನ್ನು ತೂಗಿದಳು. ಒಂದು ಕೆಜಿ ಒಂಬೈನೂರ ಇಪ್ಪತ್ತು. ಪಾದ ಮುಟ್ಟಿ ನೋಡಿದಳು, ಬೆಚ್ಚಗಿತ್ತು. ರಾತ್ರಿಯೆಲ್ಲ ಕೂಸನ್ನು ಕಟ್ಟಿಕೊಂಡು ಕೂತಿದ್ದ ಕವಿತ ನಿಂತಲ್ಲೇ ತೂಕಡಿಸುತ್ತಿದ್ದಳು.

"ಇವಳು ಒಸಿ ಮಲೀಕಳ್ಲಿ. ನಾನು ಕಟ್ಕಬೋದಾ?" ಎಂದು ಕೇಳಿದಳು ಚಾಮುಂಡಮ್ಮ.

"ಕಟ್ಕಬೋದು. ಅವ್ವನೇ ಆಗ್ಬೇಕು ಅಂತಿಲ್ಲ. ಮೈ ಬೆಚ್ಚಗಿದ್ರೆ ಆಯ್ತು."

ಚಾಮುಂಡಮ್ಮ ಎಣ್ಣೆಯ ಕೈ ತೊಳೆದು ಒರೆಸಿಕೊಂಡು, ಗೋಡೆಗೊರಗಿ ಕೂತು ರವಿಕೆಯ ಗುಂಡಿ ಬಿಚ್ಚಿದಳು. ವೀರಮ್ಮ ಕೂಸನ್ನು ಅವಳೆದೆಯ ನಡುವೆ ಕಪ್ಪೆಯ ಹಾಗೆ ಮಲಗಿಸಿ, ಕತ್ತನ್ನು ಒಂದು ಪಕ್ಕಕ್ಕೆ ತಿರುಗಿಸಿ, ಸುತ್ತ ಪಂಚೆ ಬಿಗಿದಳು. ಕೂಸು ಎರಡು ಸಲ ಮುಲುಗುಟ್ಟಿ ಸುಮ್ಮನಾಯಿತು. ಚಾಮುಂಡಮ್ಮನ ಕಣ್ಣಲ್ಲಿ ನೀರಿತ್ತು. ವೀರಮ್ಮನ ಮುಖವನ್ನು ಮಾತ್ರ ಅವಳು ನೋಡಲಿಲ್ಲ.

"ನಾಳೇನೂ ಬಾ" ಎಂದಳು. "ನಿನ್ ಜತೆ ಮಾತಾಡಕ್ಕಲ್ಲ. ತೂಕ ನೋಡಕ್ಕೆ."

ವೀರಮ್ಮ ಮಾರನೆಯ ದಿನವೂ ಹೋದಳು. ಯಾರೂ ಕೂರು ಎನ್ನಲಿಲ್ಲ. ನಿಂತೇ ತೂಗಿದಳು. ಇಪ್ಪತ್ತು ಗ್ರಾಂ ಏರಿತ್ತು.