ಅವ್ವನ ಬ್ಯಾಡ್ಜ್ ಲೈಸೆನ್ಸು

ಮೊನ್ನೆ ಮೊಮ್ಮಗಳು ನನಗೊಂದು ಕಾಫಿ ಮಗ್ಗು ತಂದುಕೊಟ್ಟಳು. ಕಿವಿಯಿರುವ, ಕೈಗೆ ಭಾರವಾಗುವ ಪಿಂಗಾಣಿ ಮಗ್ಗು. ಅದರ ಹೊಟ್ಟೆಯ ಮೇಲೆ ಒಂದು ವಿಶ್ವವಿದ್ಯಾಲಯದ ಲಾಂಛನ: ತೆರೆದ ಪುಸ್ತಕ, ಅದರ ಮೇಲೊಂದು ದೀಪ, ಎರಡು ಬದಿಗೂ ಬಳ್ಳಿ, ಕೆಳಗೆ ಸಂಸ್ಕೃತದ ಒಂದು ಸಾಲು. ತಳದಲ್ಲಿ ಮಿರಮಿರ ಮಿರುಗುವ ಒಂದು ಚೀಟಿ. ಲಾಂಛನ ಬಳಸಲು ವಿಶ್ವವಿದ್ಯಾಲಯವೇ ಲೈಸೆನ್ಸು ಕೊಟ್ಟು ಮಾಡಿಸಿದ ಮಾಲು ಇದು ಎಂದು ಆ ಚೀಟಿ ಹೇಳುತ್ತದಂತೆ.

"ನೀನಲ್ಲಿ ಓದೇ ಇಲ್ವಲ್ಲೇ?" ಎಂದೆ.

"ಓದಿರ್ಲೇಬೇಕು ಅಂತೇನಿಲ್ಲ ಅಜ್ಜಿ. ಅಂಗಡೀಲಿ ಇಟ್ಟಿದ್ರು, ಚೆನ್ನಾಗಿತ್ತು, ತಗೊಂಡೆ. ಯಾರ್ ಬೇಕಾದ್ರೂ ತಗೋಬಹುದು."

ಯಾರು ಬೇಕಾದರೂ! ಈ ಮಾತು ನಮ್ಮವ್ವನ ಕಿವಿಗೆ ಬಿದ್ದಿದ್ದರೆ ಮಗ್ಗನ್ನು ಕಿತ್ತುಕೊಂಡು ನೇರವಾಗಿ ರಿಜಿಸ್ಟ್ರಾರರ ಕಚೇರಿಗೆ ಹೊರಟುಬಿಡುತ್ತಿದ್ದಳು. ನಗಬೇಡಿ, ಹೊರಡುವವಳೇ. ಈ ದೀಪವನ್ನು, ಈ ಬಳ್ಳಿಯನ್ನು ಸೂಜಿಯಲ್ಲಿ ಬಿಡಿಸುವ ಲೈಸೆನ್ಸು ಒಂದು ಕಾಲಕ್ಕೆ ಯಶವಂತಪುರದಲ್ಲಿ ಅವಳೊಬ್ಬಳಿಗೇ ಇತ್ತು.

ಅವ್ವನ ಹೆಸರು ಮುನಿಯಮ್ಮ. ಕೋಗಿಲು ಎಂಬ ಹಳ್ಳಿಯ ಒಕ್ಕಲು ಮನೆಯ ಮಗಳು. ಚಿಕ್ಕವಳಿದ್ದಾಗ ಮಿಷನ್ನಿನ ಹೆಂಗಸೊಬ್ಬರು ಶನಿವಾರ ಶನಿವಾರ ಬಂದು ಊರಿನ ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತಿದ್ದರಂತೆ. ಉಳಿದ ಹುಡುಗಿಯರು ಅವರು ಕೊಡುತ್ತಿದ್ದ ಬಿಸ್ಕತ್ತಿಗೆ ಹೋದರು, ಅವ್ವ ಸೂಜಿಗೆ ಹೋದಳು. ಅಪ್ಪ ಯಶವಂತಪುರ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್, ಅಂದರೆ ರೈಲಿಗೆ ಹಳಿ ಬದಲಾಯಿಸಿಕೊಡುವ ಕೆಲಸ. "ಅಷ್ಟುದ್ದದ ರೈಲು ನಾನ್ ಯೋಳ್ದಂಗೆ ತಿರುಗ್ತದೆ, ಮನೇಲಿ ಮಾತ್ರ ಯಾರೂ ತಿರುಗಾಕಿಲ್ಲ" ಎನ್ನುವುದು ಅವನ ನಿತ್ಯದ ಗೊಣಗಾಟ. ಅದು ನಿಜವೂ ಆಗಿತ್ತು.

ಬಜಾರಿನಲ್ಲಿ ರಹೀಮ್ ಸಾಬರ ಹೊಲಿಗೆ ಅಂಗಡಿ. ಕಾಲೇಜು ಹಾಸ್ಟೆಲಿನ ಹುಡುಗರು ಕೋಟು ಹೊಲಿಸಲು ಅವರಲ್ಲಿಗೆ ಬರುತ್ತಿದ್ದರು. ಕೋಟಿನ ಜೇಬಿನ ಮೇಲೆ ವಿಶ್ವವಿದ್ಯಾಲಯದ ಲಾಂಛನದ ಬ್ಯಾಡ್ಜ್ ಇದ್ದರೇ ಅವರಿಗೆ ಸಮಾಧಾನ. ಆ ಕೆಲಸವನ್ನು ಸಾಬರು ಅವ್ವನಿಗೆ ವಹಿಸಿದ್ದರು. ಕಡುನೀಲಿ ಉಣ್ಣೆಬಟ್ಟೆಯ ಮೇಲೆ ಜರಿದಾರದ ದೀಪ, ಹಸಿರು ರೇಷ್ಮೆಯ ಬಳ್ಳಿ. ಕೆಳಗಿನ ಸಂಸ್ಕೃತದ ಸಾಲನ್ನು ಓದಲು ಬಾರದ ಅವ್ವ ಅದನ್ನೂ ಒಂದು ಬಳ್ಳಿಯೆಂದೇ ತಿಳಿದು ಹೆಣೆಯುತ್ತಿದ್ದಳು. ಒಂದು ಬ್ಯಾಡ್ಜಿಗೆ ಮೂರು ಮಧ್ಯಾಹ್ನ ಹಿಡಿಯುತ್ತಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಯಾರೋ ಪುಣ್ಯಾತ್ಮ ಅದೇ ಲಾಂಛನವನ್ನು ತಲೆಗೆಣ್ಣೆಯ ಸೀಸೆಯ ಮೇಲೆ ಅಚ್ಚುಹಾಕಿಸಿಬಿಟ್ಟ. ಈ ಎಣ್ಣೆ ತಿಕ್ಕಿಕೊಂಡರೆ ಪರೀಕ್ಷೆ ಪಾಸಾಗುವುದು ಖಂಡಿತವೆಂದು ಸಂತೆಯಲ್ಲಿ ಕೂಗಿ ಮಾರಿದ. (ನಾನೂ ಒಂದು ತಿಂಗಳು ತಿಕ್ಕಿಕೊಂಡೆ. ತಲೆಹೊಟ್ಟು ಹೋಯಿತು, ಗಣಿತ ಬರಲಿಲ್ಲ.) ವಿಶ್ವವಿದ್ಯಾಲಯದವರಿಗೆ ಕೋಪ ಬಂತು. ಇನ್ನು ಮುಂದೆ ನಮ್ಮ ಹೆಸರನ್ನಾಗಲಿ ಲಾಂಛನವನ್ನಾಗಲಿ ಯಾವ ಸಾಮಾನಿನ ಮೇಲೆ ಹಾಕಬೇಕಾದರೂ ಕಚೇರಿಯಿಂದ ಲೈಸೆನ್ಸು ಪಡೆಯಬೇಕು ಎಂದು ಊರಿನ ದರ್ಜಿಗಳಿಗೆಲ್ಲ ಕಾಗದ ಬರೆದರು. ಸಾಬರು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಅಮ್ಮಾ, ನಾಳೆಯಿಂದ ದೀಪ ಬೇಡ. ಗುಲಾಬಿ ಹೂವು ಹಾಕಿ, ಸಾಕು."

"ಕೋಟಿನ ಮ್ಯಾಲೆ ಗುಲಾಬಿ ಆಕ್ಕಂಡು ಓದಾಕೆ ಓಗ್ತಾರಾ ಸಾಬ್ರೇ? ನಡೀರಿ, ಕೇಳ್ಕಂಡೇ ಬರಾನ" ಎಂದಳು ಅವ್ವ.

ಇಂಗ್ಲಿಷ್ ಓದಲು ಇರಲಿ ಎಂದು ಹೈಸ್ಕೂಲಿನಲ್ಲಿದ್ದ ನನ್ನನ್ನೂ ಕರೆದುಕೊಂಡು ಹೋದರು. ಕಚೇರಿಯಲ್ಲಿ ಕನ್ನಡಕದ ಅಧಿಕಾರಿಯೊಬ್ಬರು ಅವ್ವನ ಬ್ಯಾಡ್ಜನ್ನು ತಮ್ಮ ಅಚ್ಚಿನ ನಮೂನೆಯ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಕೊನೆಗೆ ಅವರು ತಲೆಯೆತ್ತಿ, "ನಮ್ಮ ಚಿತ್ರಕ್ಕಿಂತ ನಿಮ್ಮ ದೀಪಾನೇ ಚೆನ್ನಾಗಿ ಉರೀತಿದೆಯಲ್ಲಮ್ಮ" ಎಂದರು. ಲೈಸೆನ್ಸನ್ನು ಸಾಬರ ಹೆಸರಿಗಲ್ಲ, ಅವ್ವನ ಹೆಸರಿಗೇ ಬರೆಸಿಕೊಟ್ಟರು. ವರ್ಷಕ್ಕೊಮ್ಮೆ ಬಂದು ಅದನ್ನು ಹೊಸದು ಮಾಡಿಸಿಕೊಳ್ಳಬೇಕಿತ್ತು.

ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಲೈಸೆನ್ಸು ಎಂದರೆ ಬಂದೂಕಿಗೆ, ಇಲ್ಲವೇ ರೇಡಿಯೋಗೆ. ಮುನಿಯಕ್ಕ ಬಂದೂಕು ಇಟ್ಟಿದ್ದಾಳೆಂಬ ಸುದ್ದಿ ಚಿಕ್ಕಬಾಣಾವರದವರೆಗೂ ಹೋಯಿತು. ಅವ್ವ ಆ ಕಾಗದಕ್ಕೆ ಆಯುಧಪೂಜೆಯ ದಿನ ಸೂಜಿಯ ಜೊತೆಯಲ್ಲೇ ಅರಿಶಿನ ಕುಂಕುಮ ಇಟ್ಟಳು. ಆಮೇಲೆ ನನ್ನನ್ನು ಕೂರಿಸಿಕೊಂಡು, "ಏನ್ ಬರ್ದವ್ರೆ, ಒಂದಕ್ಷರ ಬಿಡ್ದಂಗೆ ಯೋಳು" ಎಂದಳು.

ಈಗ ನನ್ನ ತಪ್ಪೊಂದನ್ನು ನಿಮ್ಮಲ್ಲಿ ಒಪ್ಪಿಕೊಳ್ಳಬೇಕು. ಕಾಗದದಲ್ಲಿ ಇದ್ದದ್ದು ಇಷ್ಟೇ: ನಮೂನೆ ಬದಲಾಗಬಾರದು, ಕೋಟಿನ ಎಡಜೇಬಿನ ಮೇಲೆ ಮಾತ್ರ ಹಾಕಬೇಕು, ಅಲ್ಲಿ ಓದುತ್ತಿರುವವರಿಗೆ ಮಾತ್ರ ಗುರುತಿನ ಚೀಟಿ ನೋಡಿ ಕೊಡಬೇಕು, ಹೊಲಿಗೆ ಕೆಟ್ಟ ಬ್ಯಾಡ್ಜನ್ನು ಸುಟ್ಟುಬಿಡಬೇಕು. ಓದಿ ಮುಗಿಸಿದಾಗ ಇಷ್ಟು ದೊಡ್ಡ ಇಂಗ್ಲಿಷಿಗೆ ಇಷ್ಟೇ ಸಣ್ಣ ಅರ್ಥವೇ ಎಂದು ನನಗೇ ಸಪ್ಪೆ ಎನಿಸಿತು. ನನ್ನ ವಿದ್ಯೆಗೆ ಸ್ವಲ್ಪ ತೂಕ ಬರಲೆಂದು, "ಓದೋದು ಬಿಟ್ಟವರಿಂದ ಬ್ಯಾಡ್ಜ್ ವಾಪಸ್ ಈಸ್ಕೊಂಡು ಬಿಚ್ಚಿಹಾಕ್ಬೇಕು" ಎಂದು ಒಂದು ಷರತ್ತನ್ನು ನಾನೇ ಸೇರಿಸಿದೆ. ಅವ್ವ ತಲೆಯಾಡಿಸಿದಳು. ಅಂದಿನಿಂದ ಬ್ಯಾಡ್ಜ್ ಒಯ್ಯಲು ಬಂದ ಪ್ರತಿ ಹುಡುಗನಿಗೂ, "ಓದು ಬಿಟ್ಟರೆ ತಂದ್ಕೊಟ್ಬುಡಪ್ಪ" ಎಂದು ಹೇಳಿಯೇ ಕಳಿಸುತ್ತಿದ್ದಳು. ಅವರು ನಗುತ್ತಾ ಹೋಗುತ್ತಿದ್ದರು.

ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯಲ್ಲಿ ನನಗೂ ಒಂದು ಬ್ಯಾಡ್ಜ್ ಬೇಕೆನಿಸಿತು. ಬೇಕೆನಿಸಿತು ಎಂದರೆ ಸಾಲದು, ಅದಿಲ್ಲದೆ ಜೀವನವೇ ಇಲ್ಲವೆನಿಸಿತು. ಸುಡಲು ಇಟ್ಟಿದ್ದ, ಬಳ್ಳಿ ಸೊಟ್ಟಗಾದ ಒಂದನ್ನು ಕೊಡು ಎಂದು ಬೇಡಿದೆ. ಅವ್ವ ಅದನ್ನು ನನ್ನ ಕಣ್ಣೆದುರೇ ಒಲೆಗೆ ಹಾಕಿದಳು.

"ಬೇಕಾ? ಅಲ್ಲೋಗಿ ಸೇರ್ಕ. ಚೀಟಿ ತಗಂಬಂದು ತೋರ್ಸು. ವಲ್ದು ಕೊಡ್ತೀನಿ."

ಹೆಣ್ಣುಮಗಳನ್ನು ಕಾಲೇಜಿಗೆ ಕಳಿಸುವ ಮಾತನ್ನು ನಮ್ಮ ಕಡೆಯವರು ಆಡುತ್ತಲೇ ಇರಲಿಲ್ಲ. ಅಪ್ಪ ಅನುಮಾನಿಸಿದ. ಓದಿಸಿ ಏನು ಮಾಡುವುದು ಎಂದ. ಅವ್ವನಿಗೆ ವಿದ್ಯೆಯ ಬಗ್ಗೆ ಭಾಷಣ ಮಾಡಲು ಬರುತ್ತಿರಲಿಲ್ಲ. "ಬ್ಯಾಡ್ಜ್ ಕೇಳ್ತಾವ್ಳೆ. ಸೇರಿಸ್ದೆ ಕೊಡಂಗಿಲ್ಲ, ಲೈಸೆನ್ಸ್‌ನಾಗೆ ಬರ್ದೈತೆ" ಎಂದಳು, ಅದೊಂದೇ ಕಾರಣವೆಂಬಂತೆ. ಒಂದು ವಾರ ಬೆಳಗ್ಗೆ ಸಂಜೆ ಅದನ್ನೇ ಹೇಳಿದಳು. ಅಪ್ಪ ಹಳಿ ಬದಲಾಯಿಸಿದ.

ಆ ವಿಶ್ವವಿದ್ಯಾಲಯದ ಕಾಲೇಜಿಗೇ ಸೇರಿದ್ದಾಯಿತು. ಆದರೆ ಎಡಜೇಬು? ಲಂಗ ದಾವಣಿಗೆ ಜೇಬೆಲ್ಲಿಂದ ಬರಬೇಕು! ಚೀಲದ ಮೇಲೆ ಹೊಲಿದುಕೊಡು ಎಂದರೆ ಅವ್ವ ಕೇಳಲಿಲ್ಲ. ಅಪ್ಪನ ಹಳೆಯ ನೀಲಿ ಉಣ್ಣೆಯ ರೈಲ್ವೆ ಕೋಟನ್ನು ಸಾಬರು ಬಿಚ್ಚಿ, ಕತ್ತರಿಸಿ, ನನ್ನ ಅಳತೆಗೆ ತಂದರು. ಅದರ ಎಡಜೇಬಿನ ಮೇಲೆಯೇ ಅವ್ವ ದೀಪ ಹೊಲಿದಳು. ಮೂರು ಮಧ್ಯಾಹ್ನದ ಕೆಲಸಕ್ಕೆ ಆರು ಮಧ್ಯಾಹ್ನ ತೆಗೆದುಕೊಂಡಳು. ಏಪ್ರಿಲ್ ಬಿಸಿಲಿನಲ್ಲೂ ನಾನು ದಾವಣಿಯ ಮೇಲೆ ಆ ಉಣ್ಣೆಕೋಟು ತೊಟ್ಟು, ಬೆವರು ಸುರಿಸುತ್ತಾ ಬಸ್ಸಿಗೆ ನಿಲ್ಲುತ್ತಿದ್ದೆ. ಹುಡುಗರು "ಸ್ಟೇಷನ್ ಮಾಸ್ಟರ್ ಬಂದ್ಲು ಕಣ್ರೋ" ಎಂದು ಸಿಳ್ಳೆ ಹಾಕುತ್ತಿದ್ದರು. ನಾನು ಎದೆ ಇನ್ನಷ್ಟು ಮುಂದೆ ಮಾಡಿ ನಡೆಯುತ್ತಿದ್ದೆ. ಅಷ್ಟು ಸುಖವಾಗಿ ನಾನು ಮತ್ತೆಂದೂ ಬೆವರಿಲ್ಲ.

ಎರಡನೆಯ ವರ್ಷ ರಸಾಯನಶಾಸ್ತ್ರದಲ್ಲಿ ಡುಮ್ಕಿ ಹೊಡೆದೆ. ಮತ್ತೆ ಕಟ್ಟಬಹುದಿತ್ತು. ಅಷ್ಟರಲ್ಲಿ ಹುಣಸಮಾರನಹಳ್ಳಿಯ ಕಡೆಯಿಂದ ಸಂಬಂಧ ಬಂತು. ಯಾರೂ ನನ್ನನ್ನು ಹಗ್ಗ ಕಟ್ಟಿ ಎಳೆಯಲಿಲ್ಲ, ಸುಳ್ಳು ಹೇಳಬಾರದು. ಹುಡುಗನ ಕೈಯಲ್ಲಿ ಗಡಿಯಾರವಿತ್ತು, ನಕ್ಕರೆ ಚೆನ್ನಾಗಿ ಕಾಣುತ್ತಿದ್ದ. ರಸಾಯನಶಾಸ್ತ್ರ ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕಾಲೇಜಿನ ಪಟ್ಟಿಯಿಂದ ಹೆಸರು ತೆಗೆಸಿಬಿಟ್ಟೆ.

ಮದುವೆ ಮುಗಿದ ಮೇಲೆ ಒಂದು ಬೆಳಗ್ಗೆ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದೆ. ಕೋಟನ್ನು ಮಡಿಸಿ ಇಡುವಾಗ ಅವ್ವ ಬಂದು ನಿಂತಳು.

"ಅಲ್ಲಿ ನಿನ್ನೆಸ್ರು ಐತಾ?"

"ಎಲ್ಲಿ?"

"ಯೂನ್ವರ್ಸಿಟೀಲಿ."

"ಇಲ್ಲ."

"ಅಂಗಾದ್ರೆ ಕೊಡು."

ಜೇಬನ್ನು ಕೋಟಿನಿಂದ ಬಿಡಿಸಿಕೊಂಡು, ಹೊಸಿಲ ಬಳಿ ಬೆಳಕಿಗೆ ಕುಳಿತು, ದೀಪವನ್ನು ಎಳೆಯೆಳೆಯಾಗಿ ಬಿಚ್ಚತೊಡಗಿದಳು. ನಾನು ಅತ್ತೆ, ಕೂಗಾಡಿದೆ. "ಯಾರ್ ನೋಡ್ತಾರವ್ವ!" ಎಂದೆ. "ನಾನ್ ನೋಡ್ತೀನಲ್ಲ" ಎಂದಳು. "ನೀನೇ ಓದಿ ಯೋಳಿದ್ಯಲ್ಲಮ್ಮಿ, ಬಿಟ್ಟೋರತ್ರ ಈಸ್ಕಬೇಕು ಅಂತವ."

ಆ ಷರತ್ತು ನಾನೇ ಕಟ್ಟಿದ್ದು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅವ್ವನ ಪಾಲಿಗೆ ನಾನು ಓದಿದವಳೂ ಅಲ್ಲ, ಸತ್ಯವಂತಳೂ ಅಲ್ಲ. ಬಾಯಿ ಮುಚ್ಚಿಕೊಂಡೆ. ಪುಸ್ತಕ ಹೋಯಿತು, ಬಳ್ಳಿ ಹೋಯಿತು. ನೀಲಿ ಬಟ್ಟೆಯ ಮೇಲೆ ಸೂಜಿಯ ತೂತುಗಳು ಮಾತ್ರ ಉಳಿದವು, ಬೆಳಕಿಗೆ ಹಿಡಿದರೆ ಇಡೀ ದೀಪ ಚುಕ್ಕಿಚುಕ್ಕಿಯಾಗಿ ಕಾಣುತ್ತಿತ್ತು. ಬಿಚ್ಚಿದ ಜರಿಯನ್ನು ಅವ್ವ ಒಂದು ರಟ್ಟಿನ ತುಂಡಿಗೆ ಸುತ್ತಿ, ಬಟ್ಟೆಯ ಜೊತೆ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು.

ನಾನು ಸಿಟ್ಟನ್ನು ಗಂಡನ ಮನೆಗೆ ಕೊಂಡೊಯ್ದೆ. ಚೆನ್ನಾಗಿ ಸಾಕಿದೆ. ತವರಿಗೆ ಬಂದಾಗಲೆಲ್ಲ ಅವ್ವ ನೀರು ಕೊಟ್ಟು, ಪಕ್ಕದಲ್ಲಿ ಕುಳಿತು, "ಮತ್ತೆ ಸೇರ್ಕಂಡ್ಯಾ?" ಎಂದು ಕೇಳುವಳು. ಇದು ಚುಚ್ಚುಮಾತಲ್ಲದೆ ಇನ್ನೇನು ಎಂದು ನಾನು ಮುಖ ತಿರುಗಿಸುತ್ತಿದ್ದೆ.

ನಾಲ್ಕೈದು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಅಪ್ಪ ಹುಣಸಮಾರನಹಳ್ಳಿಗೆ ಬಂದ. ನನ್ನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಾ ಹೇಳಿದ: "ನಿಮ್ಮವ್ವಂಗೆ ಕಣ್ಣು ಮಂಜಾಗ್ತಾ ಐತೆ. ಇದೊಂದ್ ವರ್ಷ ಲೈಸೆನ್ಸ್ ಇಟ್ಕಂಡಿರ್ತೀನಿ, ಆಮ್ಯಾಕೆ ಆಗಾಕಿಲ್ಲ ಅಂತ ನಿಂಗ್ ಯೋಳಾಕೆ ಕಳಿಸವ್ಳೆ."

"ನಂಗ್ಯಾಕಪ್ಪ ಅದೆಲ್ಲ?" ಎಂದು ನಕ್ಕೆ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ದನಕ್ಕೆ ಹುಲ್ಲು ಹಾಕಲು ಹೋದೆ. ಅಪ್ಪ ಮಗುವನ್ನು ಕೆಳಗಿಳಿಸಿ ಬಸ್ಸಿಗೆ ಹೊರಟ.

ಮುಂದಿನ ವರ್ಷ ಅವ್ವ ತಾನೇ ಬಸ್ಸು ಹತ್ತಿ ಹೋಗಿ ಲೈಸೆನ್ಸನ್ನು ಕಚೇರಿಗೆ ಹಿಂದಿರುಗಿಸಿ ಬಂದಳು. ಅವಳು ತೀರಿಕೊಂಡಾಗ ಮಾತನಾಡಿಸಲು ಬಂದ ಸಾಬರು, "ಕೊನೇ ವರ್ಷ ನಿಮ್ಮವ್ವ ಒಂದು ಬ್ಯಾಡ್ಜೂ ಹೊಲೀಲಿಲ್ಲಮ್ಮ" ಎಂದರು. "ಬಂದೋರನ್ನೆಲ್ಲ ವಾಪಸ್ ಕಳಿಸಿದ್ರು. ಕಣ್ಣಲ್ಲಿ ಇನ್ನೊಂದೇ ಒಂದು ಬ್ಯಾಡ್ಜಿನಷ್ಟು ಬೆಳಕಿದೆ, ಅದು ನನ್ನ ಮಗಳಿಗೆ ಅಂತ ಹೇಳ್ತಿದ್ರು."

ಈ ಕತೆಯನ್ನು ಇಷ್ಟು ವರ್ಷ ನಾನು ಬೇರೆ ಥರ ಹೇಳಿಕೊಂಡು ಬಂದಿದ್ದೇನೆ. ಅವ್ವ ಎಷ್ಟು ಗಟ್ಟಿ ಹೆಂಗಸು, ಹೊತ್ತು ಹೆತ್ತ ಮಗಳ ಎದೆಯ ಮೇಲಿನ ಬ್ಯಾಡ್ಜನ್ನೂ ಬಿಡಲಿಲ್ಲ ನೋಡಿ ಎಂದು ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಸಾಬರ ಮಾತನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಇವತ್ತು ನಿಮಗೆ ಹೇಳಿದೆ, ಇನ್ನು ಆ ಹಳೆಯ ಕತೆಯನ್ನು ಹೇಳುವುದಕ್ಕಾಗುವುದಿಲ್ಲ.

ಇದನ್ನು ಬರೆಯುವ ಮೊದಲು ಅವ್ವನ ಪೆಟ್ಟಿಗೆಯಿಂದ ಆ ನೀಲಿ ಬಟ್ಟೆಯನ್ನು ತೆಗೆದು ಕಿಟಕಿಗೆ ಹಿಡಿದು ನೋಡಿದೆ. ಹುಳ ತಿಂದ ತೂತುಗಳು ಅಲ್ಲಲ್ಲಿ ಇವೆ. ಅವ್ವನ ಸೂಜಿಯ ತೂತು ಒಂದೂ ಇಲ್ಲ. ಉಣ್ಣೆ ತಾನಾಗಿ ಕೂಡಿಕೊಂಡುಬಿಟ್ಟಿದೆ. ಜರಿ ಕಪ್ಪಾಗಿದ್ದರೂ ರಟ್ಟಿನ ಮೇಲೆ ಒಂದೆಳೆಯೂ ಕಡಿಮೆಯಾಗದೆ ಹಾಗೇ ಇದೆ. ವಯಸ್ಸಾದವರೂ ಈಗ ಮನೆಯಲ್ಲೇ ಕುಳಿತು ಓದಿ ಪರೀಕ್ಷೆ ಕಟ್ಟಬಹುದಂತೆ, ಮೊಮ್ಮಗಳು ಹೇಳಿದಳು. ನಾನು ಸೇರಿಕೊಳ್ಳಬಹುದು, ಚೀಟಿಯನ್ನೂ ತರಬಹುದು. ಯಾರಿಗೆ ತೋರಿಸಲಿ?