ಹಾಸ್ಟೆಲ್ ಪಡಸಾಲೆಯಲ್ಲಿ ಯಲ್ಲವ್ವನ ಪಡಲಗಿ

ಯಲ್ಲವ್ವನನ್ನು ನಂಬಿದ ಅಕ್ಕ-ತಂಗಿಯರಿಗೆ ಶರಣು. ಕಳೆದ ಶ್ರಾವಣದಲ್ಲಿ ನನ್ನ ಮಗಳು ರೇಣುಕಾ ಓದು ಬಿಡುತ್ತೇನೆಂದು ಹಟ ಹಿಡಿದಳು. ನಾವು ವಿಜಯಪುರದ ಕಡೆಯವರು, ನಾಸಿಕದಲ್ಲಿ ಕಟ್ಟಡದ ಕೆಲಸ. ಸಾತಪುರದ ಸೈಟಿನ ತಗಡಿನ ಶೆಡ್ಡಿನಲ್ಲಿ ಓದಿ ಸಂಭಾಜಿನಗರದ ಕಾಲೇಜು ಸೇರಿದ ಹುಡುಗಿ. ಸೇರಿ ತಿಂಗಳೂ ಆಗಿರಲಿಲ್ಲ.

ಫೋನ್ ಮಾಡಿದರೆ ಬರೀ ಅಳು. "ಅವ್ವಾ, ಎಲ್ಲಾರೂ ನಿನ್ನ ಮನಿ ಎಲ್ಲಿ ಅಂತ ಕೇಳ್ತಾರ. ಏನ್ ಹೇಳ್ಲಿ? ಸೈಟ್ ಮುಗದ್ರ ನಮ್ಮ ಮನೀನೂ ಮುಗೀತದ. ನಾ ಯಾರ ಜೋಡೀನೂ ಮಾತಾಡಂಗಿಲ್ಲ, ಮೆಸ್ಸಿಗೂ ಹೋಗಂಗಿಲ್ಲ."

ಅಮ್ಮನ ಪಟದ ಮುಂದೆ ನಿಂತು ಜಗಳಕ್ಕೇ ಬಿದ್ದೆ. "ಕಣ್ಣ ಮುಚಗೊಂಡ್ ಕುಂತೀಯೇನವ್ವಾ? ನಿನ್ನ ಹೆಸರ ಇಟ್ಟೀನಿ ಆಕೀಗೆ! ಬರೂ ಮಂಗಳವಾರ ಪಡಲಗಿ ತುಂಬತೀನಿ, ಆಕಿ ಕೈಲೇ ಬಡಸ್ತೀನಿ. ಆಕಿ ಅಳು ನಿಲ್ಲಸು."

ಸೋಮವಾರ ಮತ್ತೆ ಫೋನ್: ಬ್ಯಾಗ್ ಕಟ್ಟಿದ್ದಾಳಂತೆ. "ಕರ್ಕೊಂಡ್ ಬಾ, ಇಲ್ಲೇ ಇಟ್ಟಂಗಿ ಹೊರ್ಲಿ," ಎಂದು ನಮ್ಮ ಯಜಮಾನರು ಮುಖ ತಿರುಗಿಸಿದರು. ಹರಕೆ ತಪ್ಪಿಸಲಾದೀತೇ? ಮಂಗಳವಾರ ಬೆಳಿಗ್ಗೆ ಎದ್ದು ರೊಟ್ಟಿ, ಹೋಳಿಗೆ, ಬದನೆಕಾಯಿ ಪಲ್ಯ ಮಾಡಿ ಅಮ್ಮನ ಪಡಲಗಿಯ ಬಿದಿರುಬುಟ್ಟಿ ತುಂಬಿಕೊಂಡೆ. ಎಸ್‌ಟಿ ಬಸ್ಸಿನಲ್ಲಿ ಅದನ್ನು ತೊಡೆಯಿಂದ ಇಳಿಸಲೇ ಇಲ್ಲ.

ಹಾಸ್ಟೆಲ್ ಪಡಸಾಲೆಯಲ್ಲಿ ಬ್ಯಾಗಿನ ಮೇಲೆ ಕೂತಿದ್ದಳು, ಅರ್ಧ ಆಗಿದ್ದಳು ನನ್ನ ಕೂಸು.

"ನಡಿ ಅವ್ವಾ."

"ತಡಿ. ಐದು ಮಂದಿ ಹೆಣ್ಣಮಕ್ಕಳು ಉಣ್ಣೂತನಕ ಪಡಲಗಿ ಎತ್ತಂಗಿಲ್ಲ. ಕರಕೊಂಡ್ ಬಾ."

"ನಂಗ್ಯಾರು ಗೊತ್ತದಾರ? ನೀನ ಕರಿ."

"ನಾ ಹೊರಗಿನಾಕಿ. ಇಲ್ಲಿರಾಕಿ ನೀನು."

ಗೊಣಗುತ್ತಾ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಇವತ್ತು ನನ್ನ ಮರ್ಯಾದೆ ಕಳೆಯಬೇಡವ್ವಾ ಎಂದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ಐದಲ್ಲ, ಎಂಟು ಹುಡುಗಿಯರು! ಅರಿಶಿನ-ಕುಂಕುಮ ಹಚ್ಚಿ ರೇಣುಕಾ ಬಡಿಸಿದಳು. ನಿಫಾಡದ ಹುಡುಗಿಯೊಬ್ಬಳು ಮೊದಲ ತುತ್ತಿಗೇ ಅತ್ತುಬಿಟ್ಟಳು. ಖಾರವಾಯಿತೇನೋ ಎಂದು ರೇಣುಕಾ ನೀರು ಕೊಡಲು ಹೋದಳು. ಆಕೆ ತಲೆಯಲ್ಲಾಡಿಸಿ, "ನಮ್ಮವ್ವನ ನೆನಪಾಯಿತು, ನಾನೂ ದಿನಾ ಅಳುತ್ತೇನೆ," ಎಂದು ಮರಾಠಿಯಲ್ಲಿ ಹೇಳಿದಳು. ನನ್ನ ಮಗಳು ಅವಳ ಪಕ್ಕದಲ್ಲೇ ಕೂತು ಒಂದೇ ತಟ್ಟೆಯಲ್ಲಿ ಉಂಡಳು.

ಯಾರೋ ಅದೇ ಪ್ರಶ್ನೆ ಕೇಳಿದರು, ನಿನ್ನ ಮನೆ ಎಲ್ಲಿ ಅಂತ. ರೇಣುಕಾ ಬಾಯಿತುಂಬ ಹೋಳಿಗೆ ಇಟ್ಟುಕೊಂಡೇ ನನ್ನ ಕಡೆ ಬೆರಳು ತೋರಿಸಿದಳು.

ಬ್ಯಾಗು ಮತ್ತೆ ಕೋಣೆಗೆ ಹೋಯಿತು. ನಾನೊಬ್ಬಳೇ ಖಾಲಿ ಬುಟ್ಟಿ ಹಿಡಿದು ನಾಸಿಕದ ಬಸ್ಸು ಹತ್ತಿದೆ. ನನ್ನ ಬೈಗುಳವನ್ನೂ ಹೊಟ್ಟೆಗೆ ಹಾಕಿಕೊಂಡ ತಾಯಿ ಯಲ್ಲವ್ವ, ಇನ್ನು ಅವಳ ಪಾದ ಬಿಡುವವಳಲ್ಲ ನಾನು. ಮೊನ್ನೆ ರೇಣುಕಾ ಫೋನ್ ಮಾಡಿದ್ದಳು: "ಅವ್ವಾ, ಹುಣ್ಣಿವಿಗೆ ಬಾ. ದೊಡ್ಡ ಬುಟ್ಟಿ ತಗೊಂಡ್ ಬಾ."