ಬದನೆಗಿಡದ ಕಾವಲಿಗೆ ಕಾಮಕಸ್ತೂರಿ

ನಿವೃತ್ತಿಗೆ ನಾಲ್ಕು ವರ್ಷ ಮೊದಲೇ ನಾನು ಬ್ಯಾಂಕಿನ ಕೆಲಸ ಬಿಟ್ಟೆ. ಮಂಡಿನೋವು ಎಂದು ಎಲ್ಲರಿಗೂ ಹೇಳಿದ್ದೆ. ಬಿಟ್ಟ ಹದಿನೈದು ದಿನಕ್ಕೆ ನೋವು ಕಡಿಮೆಯಾಯಿತು, ಹೊತ್ತು ಮಾತ್ರ ಹೋಗಲೊಲ್ಲದು. ಒಂಬತ್ತು ಗಂಟೆಯಾದರೆ ಕಾಲು ತಾನಾಗಿ ಬಾಗಿಲ ಕಡೆ ನಡೆಯುತ್ತಿತ್ತು. ರೈಲ್ವೆಯಲ್ಲಿದ್ದ ಗಂಡ ಡ್ಯೂಟಿಗೆ ಹೊರಟ ಮೇಲೆ ಚೆನ್ನೈನ ವೆಸ್ಟ್ ಮಾಂಬಲಂನಲ್ಲಿದ್ದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾನು ಜೋಡಿಸಿದ ಡಬ್ಬಗಳನ್ನೇ ಮತ್ತೆ ಮತ್ತೆ ಜೋಡಿಸುತ್ತಿದ್ದೆ.

ಕೊನೆಗೆ ತಾರಸಿಯ ಮೇಲೆ ಆರು ಕುಂಡಗಳಲ್ಲಿ ಬದನೆ ಹಾಕಿದೆ. ಗಿಡ ಮೊಣಕಾಲೆತ್ತರ ಬರುವಷ್ಟರಲ್ಲಿ ಬಿಳಿ ನೊಣ ಮುತ್ತಿತು. ಎಲೆ ಮುಟ್ಟಿದರೆ ಹಿಟ್ಟು ಕೊಡವಿದಂತೆ ಏಳುತ್ತಿದ್ದವು. ನನಗೆ ಅವು ಆ ದಿನವೇ ಸಾಯಬೇಕಿತ್ತು. ಗೊಬ್ಬರದಂಗಡಿಯಿಂದ ಔಷಧಿ ತಂದು ಮಟಮಟ ಮಧ್ಯಾಹ್ನ ಸಿಂಪಡಿಸಿದೆ. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಲೇ ಇಲ್ಲ. ಗಾಳಿ ಹೊಡೆಯುತ್ತಿದ್ದ ಆ ಬದಿಯಲ್ಲೇ ಬಿಳಿ ಪಂಚೆಯ ಮೇಲೆ ಕೆಳಮನೆಯ ಅಜ್ಜಿ ಬೆಳಗಿನಿಂದ ಬಗ್ಗಿ ಬಗ್ಗಿ ಇಟ್ಟ ಅಕ್ಕಿ ಸಂಡಿಗೆ ಒಣಗುತ್ತಿತ್ತು.

ಅಜ್ಜಿಯ ಮನೆತನ ಮೂರು ತಲೆಮಾರಿನ ಹಿಂದೆಯೇ ಮೈಸೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ್ದು. ಅವರ ಕನ್ನಡದಲ್ಲಿ ಅರ್ಧ ತಮಿಳು. ನಾನು ತೊದಲುತ್ತಾ ವಿಷಯ ಹೇಳಿದೆ. ಅವರು ಪಂಚೆಯನ್ನು ಸಂಡಿಗೆ ಸಮೇತ ಸುತ್ತಿ ಎತ್ತಿಕೊಂಡರು.

"ಪರವಾಯಿಲ್ಲಮ್ಮಾ, ವಿಡು. ಗೊತ್ತಾಗಿ ಮಾಡಿದ್ಯಾ ಏನು?"

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾಲ್ಕು ದಿನ ಅವರ ಬಾಗಿಲ ಮುಂದೆ ಹಾದುಹೋಗಲು ನಾಚಿಕೆಯಾಗಿ ಅವರ ಮಧ್ಯಾಹ್ನದ ನಿದ್ದೆಯ ಹೊತ್ತು ನೋಡಿ ಇಳಿಯುತ್ತಿದ್ದೆ.

ಐದನೆಯ ದಿನ ಅವರೇ ಮೇಲೆ ಬಂದರು, ಕೈಯಲ್ಲಿ ಘಮಘಮ ಸಸಿಗಳ ಒಂದು ಕಟ್ಟು. "ತಿರುನೀಟ್ರು ಪಚ್ಚಿಲೈ. ಕುಂಡಕ್ಕೆ ಒಂದೊಂದು ನೆಡು. ಈ ವಾಸನೆಗೆ ಪೂಚಿ, ಹುಳ ಬರೋದು ಕಮ್ಮಿ."

ಮೂಗಿನ ಹತ್ತಿರ ಹಿಡಿದೆ. "ಅಯ್ಯೋ, ಇದು ಕಾಮಕಸ್ತೂರಿ!"

"ಹೆಸರು ಏನಾದ್ರೂ ಇರಲಿ. ಆ ಮರುಂದು ಮಾತ್ರ ಇನ್ನು ವೇಂಡಾಮ್."

ಔಷಧಿಯ ಬಾಟಲಿ ಮತ್ತೆ ಮುಟ್ಟಲಿಲ್ಲ. ಕಾಮಕಸ್ತೂರಿ ನೆಟ್ಟೆ. ಹೂವಿನವಳಿಂದ ಕೊಂಡ ಚೆಂಡುಹೂ ಒಣಗಿಸಿ, ಅದರ ವಾಸನೆಯೂ ಹುಳುಗಳಿಗೆ ಆಗದೆಂದು ಬೀಜವನ್ನು ಗಿಡಗಳ ಸುತ್ತ ಬಿತ್ತಿದೆ. ಆದರೆ ಸುಮ್ಮನಿರಲಾಗಲಿಲ್ಲ. ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಎಲೆ ಮಗುಚಿ ನೋಡುತ್ತಿದ್ದೆ. ಕುಂಡಗಳನ್ನು ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಎಳೆದಾಡಿದೆ. ಬೇರು ಹಿಡಿದಿದೆಯೇ ಎಂದು ಚೆಂಡುಹೂವಿನ ಸಸಿಗಳನ್ನು ಕಿತ್ತು ನೋಡಿ, ಅರ್ಧದಷ್ಟು ಸಾಯಿಸಿದೆ.

"ಅದು ಫೈಲ್ ಅಲ್ಲ ಕಣೇ, ದಿನಾ ತೆಗೆದು ನೋಡೋಕೆ," ಎಂದರು ಗಂಡ.

ಬೇವಿನೆಣ್ಣೆಗೆ ಸೋಪು ಕದಡಿ ಹೊಡೆದರೆ ಬೇಗ ಆಗುತ್ತದೆ ಎಂದು ಯಾರೋ ಹೇಳಿದರು. ಅದನ್ನೂ ಮಧ್ಯಾಹ್ನವೇ ಹೊಡೆದೆ. ಸಂಜೆಗೆ ಎರಡು ಗಿಡಗಳ ಎಲೆ ಸುಟ್ಟು ಕಂದಾದವು. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಎರಡು ಬದನೆಗಿಡಕ್ಕೆ ಯಾರಾದರೂ ಅಳುತ್ತಾರೆಯೇ? ಕೆಲಸ ಬಿಟ್ಟ ದಿನವೂ ನಾನು ಅತ್ತಿರಲಿಲ್ಲ.

ಬಟ್ಟೆ ತೆಗೆಯಲು ಬಂದ ಅಜ್ಜಿ ನೋಡಿದರು. ಸುಟ್ಟ ಎಲೆಯೊಂದನ್ನು ಕಿತ್ತು ಮೂಸಿ ಪಕ್ಕದಲ್ಲಿ ಕೂತರು. "ಬಿಸಿಲಿಳಿದ ಮೇಲೆ ಹೊಡೀಬೇಕು, ಅಷ್ಟೇ. ಗಿಡಕ್ಕೆ ನಿನ್ನ ಅವಸರಂ ತಿಳಿಯಲ್ಲಮ್ಮಾ."

ಆಮೇಲೆ ದಿನಕ್ಕೆ ಎರಡೇ ಸಲ ಹತ್ತುವುದೆಂದು ಶಪಥ ಮಾಡಿದೆ. ಬಹುಪಾಲು ನಾಲ್ಕು ಸಲವಾಗುತ್ತಿತ್ತು. ಉಳಿದ ಚೆಂಡುಹೂ ಅರಳಿತು. ಕಾಮಕಸ್ತೂರಿ ತೆನೆ ಬಿಟ್ಟು ಜೇನ್ನೊಣ ಬಂದವು. ಬಿಳಿ ನೊಣ ಪೂರ್ತಿ ಹೋಗಲಿಲ್ಲ, ಆದರೆ ಎಲೆ ಅಲುಗಿಸಿದರೆ ಮೊದಲಿನಂತೆ ಹಿಟ್ಟು ಏಳುತ್ತಿರಲಿಲ್ಲ.

ಮೊದಲ ಕೊಯ್ಲಿಗೆ ನಾಲ್ಕು ಬದನೆಕಾಯಿ ಸಿಕ್ಕಿದವು. ಎರಡರಲ್ಲಿ ಸೂಜಿಯಿಂದ ಚುಚ್ಚಿದಂಥ ತೂತು, ಒಳಗೆ ಹುಳು. ಚೆನ್ನಾಗಿದ್ದ ಎರಡನ್ನು ಅಜ್ಜಿಗೆ ಕೊಟ್ಟೆ. ಉಳಿದೆರಡರ ಹುಳುಕು ಕೆತ್ತಿ ತೆಗೆದು ನಾವು ಪಲ್ಯ ಮಾಡಿಕೊಂಡೆವು.

"ಹುಳಕ್ಕೆ ಇನ್ನೇನು ಮಾಡ್ತೀಯ?" ಎಂದು ಅಜ್ಜಿ ಕೇಳಿದರು.

ಸಬ್ಬಸಿಗೆ ಹೂವಿಗೆ ಬರುವ ಸಣ್ಣ ಕಣಜಗಳು ಹುಳುಗಳನ್ನು ಹಿಡಿಯುತ್ತವಂತೆ ಎಂದೆ. ಹಿಂದೊಮ್ಮೆ ಮೈಸೂರಿಗೆ ಹೋದಾಗ ತಂದಿದ್ದ ಸಬ್ಬಸಿಗೆ ಬೀಜ ಅಡುಗೆಮನೆಯಲ್ಲಿತ್ತು. ಮರುದಿನ ಬೆಳಗ್ಗೆ ಬಿತ್ತಿದೆ. ಮೊಳಕೆಗೆ ವಾರವಾದರೂ ಬೇಕೆಂದು ಗೊತ್ತಿದ್ದರೂ ಸಂಜೆಯೊಳಗೆ ಮೂರು ಸಲ ನೋಡಿ ಬಂದೆ.